ಅಮ್ಮ ಕಲಿತ ಇಂಗ್ಲಿಷ್

ಅಯೋವಾ, ಸೆಪ್ಟೆಂಬರ್ ೧೯೧೮

ಟೆಲಿಫೋನ್ ಕಚೇರಿಯಲ್ಲಿ ಲೈನ್ ಜೋಡಿಸಿಕೊಡುವ ಶ್ರೀಮತಿ ಪೆಟಿಗ್ರೂ ಅವರಿಗೆ ಮಾಂಸದಂಗಡಿಯ ಎಮಿಲ್ ಬ್ರಾಂಟ್ ಮಾಡುವ ವಂದನೆಗಳು.

ಯುದ್ಧ ಮುಗಿಯುವವರೆಗೆ ಫೋನಿನಲ್ಲಿ ಇಂಗ್ಲಿಷಿನಲ್ಲೇ ಮಾತಾಡಬೇಕೆಂಬ ಗವರ್ನರರ ಆಜ್ಞೆಯನ್ನು ನಾನು ಮೀರಿಲ್ಲ. ದೂರದ ಹೊಲದಮನೆಯಲ್ಲಿರುವ ಅಮ್ಮನಿಗೆ ಜರ್ಮನ್ ಬಿಟ್ಟು ಬೇರೇನೂ ಬಾರದು. ಹಾಗಾಗಿ ಭಾನುವಾರ ನಾನು ಫೋನ್ ಮಾಡಿದಾಗ ಅವಳು ಕೆಮ್ಮುತ್ತಾಳೆ, ನಾನೂ ಕೆಮ್ಮುತ್ತೇನೆ. ಕೆಮ್ಮು ಯಾವ ದೇಶದ್ದೆಂದು ಆಜ್ಞೆಯಲ್ಲಿ ಬರೆದಿಲ್ಲ.

"ದುಡ್ಡು ಕೊಟ್ಟು ಕೆಮ್ಮೋದಾದ್ರೆ ಡಾಕ್ಟರ್ ಹತ್ರ ಹೋಗೋದಲ್ವೇನಪ್ಪ ಎಮಿಲ್" ಎಂದು ನೀವು ನಕ್ಕಿರಿ. ನಾನು ವ್ಯಾಪಾರಿ, ನಷ್ಟದ ಬಾಬತ್ತಿಗೆ ಕೈಹಾಕುವವನಲ್ಲ. ಅಂಗಡಿ ಮುಚ್ಚಿದ ಮೇಲೆ ನನ್ನ ಕಿವಿಗೆ ಬೀಳುವ ಮನುಷ್ಯರ ಸದ್ದು ಅದೊಂದೇ.

ಕಳೆದ ವಾರ ಅಮ್ಮ ಫೋನ್ ಎತ್ತಿದ ಕೂಡಲೇ "ಗುಡ್‌ಬೈ" ಅಂದಳು. ಮಾತು ಮುಗಿಯಿತೆಂದು ನೀವು ಲೈನ್ ತೆಗೆದಿರಿ. ತಪ್ಪು ನಿಮ್ಮದಲ್ಲ. ಯಾರಿಂದಲೋ ಒಂದೇ ಒಂದು ಇಂಗ್ಲಿಷ್ ಪದ ಕಲಿತು, ಅದು ಬಂದವರನ್ನು ಮಾತಾಡಿಸುವ ಪದವೆಂದುಕೊಂಡಿದ್ದಾಳೆ. ತಿದ್ದಬೇಕೆಂದರೆ ಜರ್ಮನ್‌ನಲ್ಲೇ ತಿದ್ದಬೇಕು.

ಈ ಭಾನುವಾರವೂ ಅವಳು ಹಾಗೆಯೇ ಶುರುಮಾಡುತ್ತಾಳೆ. ದಯವಿಟ್ಟು ಲೈನ್ ತೆಗೆಯಬೇಡಿ. ನಾನೂ "ಗುಡ್‌ಬೈ" ಎಂದೇ ಉತ್ತರ ಕೊಡುವವನಿದ್ದೇನೆ. ಆಮೇಲೆ ಸ್ವಲ್ಪ ಹೊತ್ತು ಕೆಮ್ಮುತ್ತೇವೆ.

ನಿಮ್ಮ ಲೈನಿನ ಗಿರಾಕಿ,
ಎಮಿಲ್ ಬ್ರಾಂಟ್