ಜಾಲರಿಗೆ ಕಟ್ಟಿದ ಚೀಟಿ

ಟೈರ್ ಅಂಗಡಿಯ ಹಿಂದಿನ ಕೋಣೆ,
ಸೋಮವಾರ, ಬೆಳಿಗ್ಗೆ ಹತ್ತು ಗಂಟೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಎಡಗಿವಿಯಲ್ಲಿ ಕೀವು ಬರೋದು ನಿಂತಿತಾ? ಲಾಂಡ್ರಿ ಮಷೀನಿನ ಸದ್ದಿಗೆ ಒಂದು ಕಿವಿ ಸಾಕು ಕಣೋ ಅಂತ ಹೋದ ಸಲ ನೀನು ಬರೆದಿದ್ದೆ. ನನಗೆ ನಗು ಬರಲಿಲ್ಲ. ಆ ಕಿವಿಗೆ ಬಿದ್ದ ಏಟನ್ನ ಬಾಗಿಲಾಚೆ ನಿಂತು ಕೇಳಿಸಿಕೊಂಡವನು ನಾನು. ನಿನ್ನ ಗಂಡನನ್ನ ಇನ್ನು ಮೇಲೆ ಭಾವ ಅಂತ ಬರೆಯಲ್ಲ. ನಾಯಿ ಅಂತ ಬರೆದರೆ ನಾಯಿಗೆ ಅವಮಾನ. ಬರೀ ಅವನು ಅಂತೀನಿ. ಅಮ್ಮನ ಮಂಡಿನೋವು ಹಾಗೇ ಇದೆ. ಅಪ್ಪ ಎಂದಿನ ಹಾಗೆ, ಬಾಯಲ್ಲಿ ಕಡುಬು ಇಟ್ಟುಕೊಂಡವನ ಥರ. ನನ್ನ ಬಲಗಡೆ ಹುಬ್ಬು ಸುಟ್ಟುಹೋಗಿದೆ, ಕತ್ತು ತಿರುಗಿಸೋಕಾಗಲ್ಲ. ಯಾಕೆ ಅಂತ ಹೇಳ್ತೀನಿ, ಗಾಬರಿಯಾಗಬೇಡ, ಪೂರ್ತಿ ಓದು.

ನಿನ್ನೆ ಮೂವರೂ ಚರ್ಚಿನ ಗವಿಯ ಮರಿಯಮ್ಮನ ಹತ್ತಿರ ಹೋಗಿದ್ದೆವು. ಅಮ್ಮನ ಹರಕೆ, ನಿನ್ನ ಹೆಸರಲ್ಲಿ. ಪೂಜೆ ಮುಗಿದ ಮೇಲೆ ಎರಡು ಮೇಣದಬತ್ತಿ ಹಚ್ಚಿದಳು. ಅವಳ ಬುದ್ಧಿ ಗೊತ್ತಲ್ಲ, ಒಂದು ಗಾಳಿಗೆ ಆರಿದರೆ ಇನ್ನೊಂದಿರಲಿ. ಬಾಗಿಲಿಗೂ ಎರಡು ಬೀಗ ಹಾಕುವವಳು. ಆಮೇಲೆ ಕೋರಿಕೆ ಚೀಟಿ. ಅದನ್ನ ದಾರದಲ್ಲಿ ಗವಿ ಮುಂದಿನ ಕಬ್ಬಿಣದ ಜಾಲರಿಗೆ ಕಟ್ಟುತ್ತಾರಲ್ಲ, ನೀನೂ ಪರೀಕ್ಷೆ ಪಾಸಾಗಲಿ ಅಂತ ಕಟ್ಟಿದ್ದೆ. ನಾನು ಬರೆದುಕೊಡ್ತೀನಿ ಅಂದೆ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ಓಡಿಬಂದವನ ಅಕ್ಷರ ದೇವರಿಗೂ ಅರ್ಥವಾಗಲ್ಲ, ನೀನು ಹೋಗಿ ಮೀನಿನ ಸಾಲಲ್ಲಿ ನಿಂತುಕೋ ಅಂದಳು. ಮೇಣದಬತ್ತಿ ಮಾರೋ ಹೆಂಗಸಿನ ಕೈಯಲ್ಲಿ ಬರೆಸಿದಳು. ಏನು ಬರೆಸಿದಳು ಗೊತ್ತಾ? ನಿನ್ನ ಹೆಸರು, ಊರು, ಬೀದಿ, ಲಾಂಡ್ರಿ, ಮೇಲಿನ ಮಹಡಿ, ಮೆಟ್ಟಿಲು ಹತ್ತಿದರೆ ಎಡಗಡೆಯ ಬಾಗಿಲು. ಒಂದೇ ಹೆಸರಿನವರು ಎಷ್ಟು ಜನ ಇರ್ತಾರೋ, ಮರಿಯಮ್ಮನಿಗೆ ಮನೆ ಗುರುತು ಸಿಗೋದು ಬೇಡವಾ ಅಂತ. ಬೇರೆಯವರ ಮಕ್ಕಳಿಗೆ ಹೋಗಬೇಕಾದ ಆಶೀರ್ವಾದ ನಿನಗೆ ಬಂದರೂ ಪರವಾಗಿಲ್ಲ, ನಿನ್ನದು ಬೇರೆಯವರಿಗೆ ಹೋಗಬಾರದಂತೆ.

ಆಗ ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಕರಿದ ಮೀನಿನ ಪೊಟ್ಟಣ ಹಿಡಿದು ಬಂದೆ. ಅಪ್ಪ ಮುಸುಕಿನ ಜೋಳ ಸುಡೋ ಗಾಡಿ ಹತ್ತಿರ ಇದ್ದ. ಗಾಡಿಯ ಆಚೆ ಬದಿಗೆ ಅವನು. ನಾವು ವರ್ಷಾ ವರ್ಷ ಬರೋ ದಿನ ಅವನಿಗೆ ಗೊತ್ತಲ್ಲ, ಕಾದಿದ್ದಾನೆ. ಅಮ್ಮ ಕಟ್ಟಿದ್ದನ್ನ ನೋಡಿದ್ದಾನೆ, ಅವಳು ಬೆನ್ನು ತಿರುಗಿಸಿದ ಕೂಡಲೇ ಕಿತ್ತಿದ್ದಾನೆ. ಚೀಟಿಯ ಮಡಿಕೆ ಬಿಚ್ಚುತ್ತಾ ಇದ್ದ. ದಾರ ಬೆರಳಿಗೆ ಸುತ್ತಿಕೊಂಡಿತ್ತು. ಅಮ್ಮ ನೋಡಿ ಅಯ್ಯೋ, ಅಡ್ರೆಸ್ಸು ಅಂದಳು. ಅಷ್ಟೇ ಸಾಕಾಯಿತು ನನಗೆ.

ಮೀನಿನ ಪೊಟ್ಟಣ ಅವನ ಮುಖಕ್ಕೆ ಎಸೆದು ಮೇಲೆ ಬಿದ್ದೆ. ಅವನು ನನ್ನ ಕೂದಲು ಹಿಡಿದು ಮುಖವನ್ನ ಕೆಂಡದ ಕಡೆ ಅದುಮಿದ. ಹುಬ್ಬು ಚರಚರ ಅಂತು. ಎಲ್ಲಿ ಅಡಗಿದ್ದಾಳೋ ನಿನ್ನ ಅಕ್ಕ, ಎಳಕೊಂಡು ಬಂದು ಇನ್ನೊಂದು ಕಿವೀನೂ ಒಡೀತೀನಿ ಅಂತ ನನ್ನ ಕಿವಿಯಲ್ಲೇ ಹೇಳಿದ. ಕೈಗೆ ಕೆಂಡದ ಇಕ್ಕಳ ಸಿಕ್ಕಿತು. ಐದು ವರ್ಷದಿಂದ ಟೈರ್ ಬಿಚ್ಚುತ್ತಿದ್ದೀನಿ ಅಕ್ಕಾ, ಕಬ್ಬಿಣ ಎಲ್ಲಿ ಬೀಳಬೇಕು ಅಂತ ಗೊತ್ತು. ಮಣಿಕಟ್ಟಿಗೆ ಬಾರಿಸಿದೆ. ಒಣ ಕಟ್ಟಿಗೆ ಮುರಿದ ಹಾಗೆ ಕೇಳಿಸಿತು. ಇನ್ನೊಂದು ಬಾರಿಸಿದೆ. ಚೀಟಿ ಬಿತ್ತು. ಎತ್ತಿ ಬಾಯಿಗೆ ಹಾಕಿಕೊಂಡೆ. ಅವನು ಎಡಗೈಯಲ್ಲಿ ನನ್ನ ಗಂಟಲು ಹಿಡಿದ, ಉಗಿಯೋ ಅಂತ. ನುಂಗೋಕೂ ಆಗಲಿಲ್ಲ, ಉಸಿರೂ ಇಲ್ಲ. ಜೋಳದ ಮುದುಕ ಗಾಡಿ ತಬ್ಬಿಕೊಂಡು, ಕೊಂದುಕೊಳ್ಳಿ, ಆದರೆ ನನ್ನ ಕೆಂಡ ಚೆಲ್ಲಬೇಡ್ರಪ್ಪ ಅಂತಿದ್ದ.

ಆಗ ಅಪ್ಪ ಬಂದ. ನಿನ್ನನ್ನ ಎರಡು ಸಲ ಅವನ ಮನೆಗೇ ವಾಪಸ್ ಬಿಟ್ಟುಬಂದ ಅಪ್ಪ. ಅರ್ಧ ತಿಂದ ಜೋಳ ಗಾಡಿ ಮೇಲಿಟ್ಟ, ಪಕ್ಕದಲ್ಲಿದ್ದ ಉಪ್ಪುಖಾರದ ಬಟ್ಟಲಿಗೆ ಕೈ ಹಾಕಿದ, ಅವನ ಎರಡು ಕಣ್ಣಿಗೂ ತಿಕ್ಕಿದ. ನಿಧಾನವಾಗಿ, ಮಗುವಿಗೆ ಎಣ್ಣೆ ಹಚ್ಚೋ ಹಾಗೆ. ಮೂರನೇ ಸಲ ಕಳಿಸಲ್ಲ ಕಣಯ್ಯಾ ಅಂದ. ಅವನು ಅರಚಿದ್ದು ಗವಿಯೊಳಗೂ ಕೇಳಿಸಿತಂತೆ. ನಾನು ಚೀಟಿ ನುಂಗಿದೆ. ಜನ ಬಿಡಿಸಿ ಅವನನ್ನ ಆಸ್ಪತ್ರೆಗೆ ಸಾಗಿಸಿದರು.

ಹಾಗಾಗಿ ನಿನ್ನ ವಿಳಾಸ ಈಗ ನನ್ನ ಹೊಟ್ಟೆಯಲ್ಲಿದೆ. ನಿಶ್ಚಿಂತೆಯಿಂದ ಮಲಗು. ಕಿವಿಗೆ ನೀರು ಬೀಳಿಸಿಕೊಳ್ಳಬೇಡ. ಅಮ್ಮ ದಿನಾ ಜಪಮಾಲೆ ಹಿಡಿದು ನಿನ್ನ ಹೆಸರು ಹೇಳ್ತಾಳೆ. ನಾನು ಕೇಳಿದೆ ಅಂತ ಬರಿ ಅಂದ ಅಪ್ಪ. ಅಷ್ಟೇ ಅಂದ, ಆದರೆ ಎರಡು ಸಲ ಅಂದ.

ನಿನ್ನ ತಮ್ಮ,
ಮೊಂಡ

ತಾ.ಕ. ಅಕ್ಕಾ, ಮೇಲೆ ಬರೆದದ್ದು ಬಿಡು. ಮಧ್ಯಾಹ್ನ ಊಟ ತಂದಾಗ ಅಮ್ಮ ಬಾಯಿಬಿಟ್ಟಳು. ಚೀಟಿಯೂ ಎರಡಂತೆ. ಒಂದು ಗಾಳಿಗೆ ಹಾರಿದರೆ ಇನ್ನೊಂದಿರಲಿ ಅಂತ ಜಾಲರಿಯ ಇನ್ನೊಂದು ತುದಿಗೂ ಕಟ್ಟಿದ್ದಳಂತೆ. ಸೈಕಲ್ ತುಳಿದುಕೊಂಡು ಹೋದೆ. ಬರೀ ದಾರ ಇದೆ. ಕೈಗೆ ಪಟ್ಟಿ ಕಟ್ಟಿಕೊಂಡು, ಕಣ್ಣು ಕೆಂಪಗೆ, ಒಬ್ಬ ಬೆಳಿಗ್ಗೆ ಬಂದು ಒಂದೊಂದೇ ಚೀಟಿ ಓದುತ್ತಿದ್ದ ಅಂದಳು ಮೇಣದಬತ್ತಿಯವಳು. ಹರಕೆಯವನು ಅಂದುಕೊಂಡಳಂತೆ. ಅಮ್ಮನ ಎರಡೆರಡರ ಬುದ್ಧಿ ಅವನಿಗೂ ಗೊತ್ತಲ್ಲ. ಈ ಕಾಗದ ತಂದ ಲಾರಿಯವನು ನಂಬಿಕೆಯವನು, ಅದೇ ಲಾರಿಯಲ್ಲಿ ಹೊರಡು. ಬಟ್ಟೆ ಗಿಟ್ಟೆ ಬೇಡ. ನಾನು ಟೈರ್ ಕಬ್ಬಿಣ ಹಿಡಿದು ಬಸ್ ನಿಲ್ದಾಣಕ್ಕೆ ಹೋಗ್ತಿದ್ದೀನಿ, ಅವನು ಇನ್ನೂ ಹತ್ತಿಲ್ಲದಿದ್ದರೆ ಹತ್ತಲ್ಲ. ಎಲ್ಲಿಗೆ ಹೋದೆ ಅಂತ ನನಗೆ ಬರೀಬೇಡ. ಅಮ್ಮನಿಗಂತೂ ಬೇಡವೇ ಬೇಡ. ಮರಿಯಮ್ಮ ಬೇಕಾದರೆ ತಾನೇ ಹುಡುಕಿಕೊಂಡು ಬರಲಿ.