ಅಡುಗೆಮನೆಯ ಜ್ವರ

ಮಂಗಳವಾರ, ೧೪ನೇ ತಾರೀಖು
ಮಧ್ಯಾಹ್ನ ಹನ್ನೆರಡೂವರೆ

ಪ್ರೀತಿಯ ಅಮ್ಮ,

ಈ ಕಾಗದ ತಂದವಳು ನನ್ನ ಲ್ಯಾಬಿನವಳು. ಅವಳನ್ನು ಊಟಕ್ಕೆ ಕೂರಿಸಬೇಡ. ಬಾಗಿಲಿನಿಂದಲೇ ಕಳಿಸಿ, ಕೈಯಲ್ಲಿರುವ ಕೆಲಸ ಬಿಟ್ಟು ಇದನ್ನು ಓದಿ ಮುಗಿಸು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಹಿಡಿಸದ ಮಾತು ಬಂದ ಕೂಡಲೇ, ಒಲೆಯ ಮೇಲೆ ಏನೋ ಇದೆ ಎಂದು ಫೋನಿಡುವವಳು ನೀನು.

ನಾಳೆ ಬೆಳಿಗ್ಗೆ ಹತ್ತಕ್ಕೆ ನಮ್ಮ ವರದಿ ಆರೋಗ್ಯ ಕಚೇರಿಗೆ ಹೋಗುತ್ತದೆ. ಹಾಸ್ಟೆಲಿನ ಹುಡುಗಿಯರಿಗೆ ಟೈಫಾಯ್ಡ್ ಬಂದದ್ದು ನೀರಿನಿಂದಲ್ಲ. ನಿನ್ನಿಂದ, ಅಮ್ಮ.

ಸುತ್ತಿ ಬಳಸಿ ಹೇಳಲು ಹೋಗಿ ಮೂರು ಹಾಳೆ ಹರಿದು ಹಾಕಿದೆ. ಇದಕ್ಕೆ ಮೆತ್ತಗಿನ ಮಾತು ಸಿಗಲಿಲ್ಲ.

ನಿನಗೆ ಜ್ವರವಿಲ್ಲ, ನೆಗಡಿಯೂ ಇಲ್ಲ, ಅರವತ್ತರ ಹತ್ತಿರವಾದರೂ ನೂರಿಪ್ಪತ್ತು ಜನಕ್ಕೆ ಬೇಯಿಸಿ ಹಾಕುತ್ತೀಯ. ಮಗಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಿರುತ್ತೀಯ. ಆದರೆ ಈ ರೋಗಾಣು ಕೆಲವರ ಪಿತ್ತಕೋಶದಲ್ಲಿ ಸದ್ದಿಲ್ಲದೆ ವರ್ಷಗಟ್ಟಲೆ ಬೀಡುಬಿಟ್ಟಿರುತ್ತದೆ. ಅಲ್ಲಿ ಕಲ್ಲಿದ್ದರಂತೂ ಅದಕ್ಕೆ ಇನ್ನೂ ಅನುಕೂಲ. ನಿನ್ನ ಕಲ್ಲಿಗೆ ಆಪರೇಷನ್ ಮಾಡಿಸಿಕೋ ಎಂದು ವೈದ್ಯರು ಐದು ವರ್ಷದಿಂದ ಹೇಳುತ್ತಿದ್ದಾರೆ, ನೀನು ಹಾಸ್ಟೆಲಿಗೆ ರಜೆ ಬರಲಿ ಎಂದು ಮುಂದೂಡುತ್ತಲೇ ಇದ್ದೀಯ.

ಬೆಂದ ಅಡುಗೆಯಿಂದ ಯಾರಿಗೂ ಏನೂ ಆಗಿಲ್ಲ. ಸೌತೆಕಾಯಿ ಹೆಚ್ಚಿ ಉಪ್ಪು ಹಾಕಿ, ಚಮಚ ಮುಟ್ಟದೆ ಕೈಯಲ್ಲೇ ಕಲಸುತ್ತೀಯಲ್ಲ, ಅದರಿಂದ. ಹುಡುಗಿಯರು ಕೈರುಚಿ ಎಂದು ಹೊಗಳಿ ಎರಡೆರಡು ಸಲ ಹಾಕಿಸಿಕೊಳ್ಳುವುದೂ ಅದನ್ನೇ. ಹೋದ ಸಲ ನಾನು ಈ ಮಾತು ತೆಗೆದಾಗ ನೀನು ಏನೆಂದೆ ನೆನಪಿದೆಯೇ? "ನನ್ನಷ್ಟು ಕೈ ತೊಳ್ಯೋರನ್ನ ನಿನ್ನ ಲ್ಯಾಬಲ್ಲಿ ಒಬ್ರನ್ನ ತೋರ್ಸು ನೋಡೋಣ." ತೊಳೆಯುತ್ತೀಯ, ಒಪ್ಪಿದೆ. ಒಂದು ದಿನದ ಅವಸರ ಸಾಕು ಅಮ್ಮ.

ಹೇಗೆ ಗೊತ್ತಾಯಿತು ಎಂದು ಕೇಳುತ್ತೀಯ. ಒಂಬತ್ತು ವರ್ಷಗಳಲ್ಲಿ ಅಲ್ಲಿ ಮೂರು ಸಲ ಟೈಫಾಯ್ಡ್ ಬಂದಿದೆ. ಮೊದಲೆಲ್ಲ ನಮ್ಮ ಪರೀಕ್ಷೆಗೆ ತಿಳಿಯುತ್ತಿದ್ದದ್ದು ರೋಗಾಣುವಿನ ಹೆಸರು ಮಾತ್ರ. ಈಗ ಮೂರೂ ಸಲದ ಮಾದರಿಗಳನ್ನು ತೆಗೆದು ಅದರ ಜೀನೋಮನ್ನು, ಅಂದರೆ ಅದರೊಳಗಿನ ನಲವತ್ತೆಂಟು ಲಕ್ಷ ಅಕ್ಷರಗಳನ್ನು, ಮೊದಲಿನಿಂದ ಕೊನೆಯವರೆಗೆ ಓದುತ್ತೇವೆ. ಎರಡು ಮೂರು ವರ್ಷಕ್ಕೊಮ್ಮೆ ಒಂದು ಅಕ್ಷರ ತಪ್ಪುತ್ತದೆ, ಆ ತಪ್ಪು ಮುಂದಿನ ಪೀಳಿಗೆಗೂ ಹೋಗುತ್ತದೆ. ಪ್ರತಿ ಸಲವೂ ಹೊರಗಿನ ನೀರಿನಿಂದ ಬಂದಿದ್ದರೆ ಬೇರೆ ಬೇರೆ ವಂಶಗಳು ಸಿಗಬೇಕಿತ್ತು. ಸಿಕ್ಕಿದ್ದು ಒಂದೇ ವಂಶ, ಒಂಬತ್ತು ವರ್ಷಕ್ಕೆ ನಾಲ್ಕೇ ಅಕ್ಷರಗಳ ವ್ಯತ್ಯಾಸ. ಹಾಗಾದರೆ ಅದು ಅಷ್ಟು ಕಾಲವೂ ಯಾರೋ ಒಬ್ಬರೊಳಗೆ ಇದ್ದಿರಬೇಕು. ಆ ಅಡುಗೆಮನೆಯಲ್ಲಿ ಒಂಬತ್ತು ವರ್ಷವೂ ಇದ್ದವಳು ನೀನೊಬ್ಬಳೇ. ಹೋದ ತಿಂಗಳು ಎಲ್ಲರಿಗೂ ತಪಾಸಣೆ ಎಂದು ಮಲಪರೀಕ್ಷೆಯ ಡಬ್ಬಿ ಹಂಚಿದೆವಲ್ಲ, ನನಗೆ ಬೇಕಿದ್ದದ್ದು ನಿನ್ನದು. ತಾಳೆಯಾಯಿತು.

ಎರಡನೆಯ ಸಲ ನೀರು ಬಿಡುವವನ ಕೆಲಸ ಹೋಯಿತು. ಅವನಿಗೆ ಹಿಡಿಶಾಪ ಹಾಕಿದವಳು ನೀನು. ನೀರೇ ಕಾರಣ ಎಂದು ವರದಿಗೆ ಸಹಿ ಹಾಕಿದವಳು ನಾನು. ಅವನ ಮನೆಗೆ ನಾಳೆಯೇ ಹೋಗುತ್ತೇನೆ, ಬೈದರೆ ಬೈಸಿಕೊಳ್ಳುತ್ತೇನೆ.

ಇನ್ನೊಂದು ವಿಷಯ. ಫಲಿತಾಂಶ ಶನಿವಾರವೇ ಬಂದಿತ್ತು. ಮತ್ತೊಮ್ಮೆ ಓದಿಸುತ್ತೇನೆ ಎಂದು ಎಲ್ಲರಿಗೂ ಹೇಳಿ ಮೂರು ದಿನ ತಡೆದಿಟ್ಟೆ. ಓದಿಸುವುದೇನೂ ಇರಲಿಲ್ಲ. ನಿನ್ನ ಮುಖ ಕಣ್ಣ ಮುಂದೆ ಬರುತ್ತಿತ್ತು. ಆ ಮೂರು ದಿನ ನೀನು ಬಡಿಸಿದ್ದೀಯ, ಅವರು ಉಂಡಿದ್ದಾರೆ. ಅವರಲ್ಲಿ ಯಾರಿಗಾದರೂ ಅಂಟಿದ್ದರೆ ಜ್ವರ ಕಾಣಿಸಲು ಒಂದೆರಡು ವಾರ ಬೇಕು. ವಾರ್ಡಿನಲ್ಲಿ ಈಗಾಗಲೇ ನಾಲ್ವರಿದ್ದಾರೆ, ಒಬ್ಬಳ ಕರುಳು ತೂತಾಗಿ ನಿನ್ನೆ ಆಪರೇಷನ್ ಆಯಿತು. ಉಳಿದವರಿಗೆ ನೀನು ದಿನವೂ ಗಂಜಿ ಹೊತ್ತು ಹೋಗುತ್ತೀಯಂತೆ. ಇವತ್ತು ಹೋಗಬೇಡ.

ಒಲೆ ಆರಿಸು. ಸಂಜೆಯ ಅಡುಗೆ ಬೇರೆಯವರು ನೋಡಿಕೊಳ್ಳಲಿ. ನಾಳೆ ಹತ್ತು ಗಂಟೆಯೊಳಗೆ ನೀನಾಗಿಯೇ ಆಸ್ಪತ್ರೆಗೆ ಬಾ, ಆಪರೇಷನ್ನಿಗೆ ಒಪ್ಪಿಕೋ. ಪಿತ್ತಕೋಶ ತೆಗೆದು, ಔಷಧಿಯನ್ನೂ ಕೊಟ್ಟರೆ ಇದು ಹೋಗುವ ಸಂಭವವೇ ಹೆಚ್ಚು. ವರದಿಯಲ್ಲಿ ತಾನಾಗಿಯೇ ಬಂದರು ಎಂದು ಬರೆಯುವುದಕ್ಕೂ, ಹುಡುಕಿ ಕರೆತಂದೆವು ಎಂದು ಬರೆಯುವುದಕ್ಕೂ ಬಹಳ ವ್ಯತ್ಯಾಸವಿದೆ. ನಿನ್ನನ್ನು ಯಾರಾದರೂ ಕಳ್ಳಿಯ ಹಾಗೆ ಎಳೆದು ತರುವುದನ್ನು ನಾನು ನೋಡಲಾರೆ.

ಈಗ ನಿನ್ನ ತಲೆಯಲ್ಲಿ ಏನು ಓಡುತ್ತಿದೆ ಎಂದು ನನಗೆ ಗೊತ್ತು. ಇಪ್ಪತ್ತೆರಡು ವರ್ಷದ ಹಿಂದೆ ಇದೇ ಜ್ವರದಲ್ಲಿ ಹೋದ ನಮ್ಮ ಗುಬ್ಬಿ. ಅವಳ ಹಳದಿ ಫ್ರಾಕನ್ನು ಪಕ್ಕದ ಮನೆಯ ಮಗುವಿಗೆ ಕೊಡೋಣ ಎಂದದ್ದಕ್ಕೆ ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದೆ. ತಂಗಿಗೂ ನಿನ್ನಿಂದಲೇ ಬಂತೇ ಎಂದು ಕೇಳಬೇಡ. ಅಷ್ಟು ಹಳೆಯ ಮಾದರಿಯನ್ನು ಯಾರೂ ಇಟ್ಟಿರುವುದಿಲ್ಲ. ಅದಕ್ಕೆ ಉತ್ತರವಿಲ್ಲ.

ಆಸ್ಪತ್ರೆಯ ಗೇಟಿನಲ್ಲಿ ಒಂಬತ್ತರಿಂದಲೇ ನಿಂತಿರುತ್ತೇನೆ.

ನಿನ್ನನ್ನೇ ಕಾಯುವ
ದೊಡ್ಡ ಮಗಳು

ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು: ಉತ್ತರವಿದೆ. ಆ ಬೇಸಿಗೆಯಲ್ಲಿ ನಮ್ಮ ಬೀದಿಯ ಏಳು ಮಕ್ಕಳಿಗೆ ಜ್ವರ ಬಂದಿತ್ತಲ್ಲ, ಏಳೂ ಮಾದರಿಗಳು ಆಸ್ಪತ್ರೆಯ ಹಳೆಯ ಫ್ರೀಜರಿನಲ್ಲಿದ್ದವು. ಓದಿದೆ. ಉಳಿದ ಆರರಲ್ಲಿ ಇಲ್ಲದ ಒಂದು ತಪ್ಪಕ್ಷರ ಗುಬ್ಬಿಯದರಲ್ಲಿದೆ. ನಿನ್ನದರಲ್ಲೂ ಇದೆ. ಅವಳು ಮಲಗಿದ್ದು ಮೊದಲು, ನಿನಗೆ ಜ್ವರ ಬಂದದ್ದು ಅವಳು ಹೋದ ಹದಿನೈದನೆಯ ದಿನ. ನೀನು ಅವಳಿಗೆ ಕೊಟ್ಟದ್ದಲ್ಲ ಅಮ್ಮ. ಅವಳ ಮೈ ಒರೆಸಿ, ಬಟ್ಟೆ ಒಗೆದು, ಅವಳು ಬಿಟ್ಟದ್ದನ್ನು ತಿಂದು, ಅವಳಿಂದ ನೀನು ಪಡೆದದ್ದು. ನಿನ್ನೊಳಗಿರುವುದು ಗುಬ್ಬಿಯ ಜ್ವರ. ಗೊತ್ತಾದರೆ ಅದನ್ನು ತೆಗೆಸಲು ಎಲ್ಲಿ ಒಪ್ಪುವುದಿಲ್ಲವೋ ಎಂದು ಹೆದರಿ ಮುಚ್ಚಿಟ್ಟಿದ್ದೆ. ಫ್ರಾಕು ಟ್ರಂಕಿನಲ್ಲೇ ಇರಲಿ. ಇದನ್ನು ಕೊಟ್ಟುಬಿಡು.