ಎರಡನೇ ಸಲ ಯಾರೂ ಕೇಳಲಿಲ್ಲ

ಉದ್ಯೋಗ ಕಚೇರಿಯ ಮಾನ್ಯ ಮುಖ್ಯಸ್ಥರೇ,

ನನಗೆ ಬೇಕಾಗಿದ್ದ ಕೆಲಸವನ್ನು ನಾನೇ ನಿರಾಕರಿಸಿದೆನೆಂದು ತಮ್ಮ ಕಚೇರಿ ಬರೆದುಕೊಂಡಿದೆ. ಬರುವ ಗುರುವಾರದ ಸಾಮೂಹಿಕ ಸಭೆಗೆ ಬಂದು ತೃಪ್ತಿಕರವಾದ ಸಮಜಾಯಿಷಿ ಕೊಡದಿದ್ದರೆ ನನ್ನ ನಿರುದ್ಯೋಗ ಭತ್ಯೆ ನಿಲ್ಲುತ್ತದಂತೆ. ಭತ್ಯೆ ನಿಂತರೆ ಬಾಡಿಗೆ ನಿಲ್ಲುತ್ತದೆ, ಬಾಡಿಗೆ ನಿಂತರೆ ಮನೆ ಹೋಗುತ್ತದೆ. ಇಲ್ಲಿ ನಮ್ಮ ‘ಸಾವೋ’ ಸೀಮೆಯ ಚಳಿಗೆ ಕೆರೆಯ ಅಂಚು ಆಗಲೇ ಹೆಪ್ಪುಗಟ್ಟತೊಡಗಿದೆ. ನಾನು ಹೆದರಿದ್ದೇನೆ, ಮಾನ್ಯರೇ. ಬಾಗಿಲ ಸಂದಿಯಿಂದ ಬಿದ್ದ ಟಪಾಲನ್ನು ದಾಟಿಕೊಂಡೇ ಓಡಾಡುತ್ತೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ತಮ್ಮಲ್ಲಿ ಮೊದಲ ಮಾತಿಗಷ್ಟೇ ಬೆಲೆ ಎಂದು ತಡವಾಗಿ ಕಲಿತಿದ್ದೇನೆ.

ಹೋದ ಸಭೆಯ ಕರೆಪತ್ರದಲ್ಲಿ ‘ಸಭೆಯಲ್ಲಿ ಏನನ್ನು ನಿರೀಕ್ಷಿಸಬಹುದು’ ಎಂಬ ದಪ್ಪಕ್ಷರದ ತಲೆಬರಹವಿತ್ತು. ಮುಕ್ತ ವಾತಾವರಣ, ಬಿಸಿ ಕಾಫಿ, ಸಮಾನ ದುಃಖಿಗಳ ಒಡನಾಟ, ಹಾಜರಿ ಕಡ್ಡಾಯ, ಆತಂಕಪಡಬೇಕಾಗಿಲ್ಲ. ಕಡ್ಡಾಯವಾದ ಮುಕ್ತ ವಾತಾವರಣ ಎಂದರೇನೆಂದು ನಾನು ಬಹಳ ಹೊತ್ತು ಯೋಚಿಸಿದೆ. ಆತಂಕ ಬೇಡವೆಂದು ಸರ್ಕಾರ ತಾನಾಗಿ ಬರೆಯುವುದು ಯಾವಾಗ? ನನ್ನ ಹೆಂಡತಿ ಐರಾಳಿಗೆ ಆಸ್ಪತ್ರೆಯವರು ಬರೆದ ಪತ್ರದಲ್ಲೂ ಅದೇ ಸಾಲಿತ್ತು. ಇರಲಿ, ಆ ಮಾತು ಇಲ್ಲಿಗಲ್ಲ.

ಕಾಫಿ ಇತ್ತು, ಸುಳ್ಳಲ್ಲ. ಏಲಕ್ಕಿ ಹಾಕಿದ ಬನ್ನೂ ಇತ್ತು. ಕಾರ್ಖಾನೆ ಮುಚ್ಚಿದ ಮೇಲೆ ಬೀದಿಗೆ ಬಿದ್ದ ನಾವೆಲ್ಲ ಹಿಂದಿನ ಸಾಲಿನಲ್ಲಿ ಕೂತು ಅದನ್ನೇ ನೋಡುತ್ತಿದ್ದೆವು. ರಾಜಧಾನಿಯಿಂದ ಬಂದ ತಮ್ಮ ಸಲಹೆಗಾರ್ತಿ, “ತಗೊಳ್ಳಿ, ಸಂಕೋಚ ಬೇಡ” ಎಂದಳು. ನಾವು ಏಳಲಿಲ್ಲ. ಒಂದೇ ಸಲ ಕರೆದರೆ ಎದ್ದು ಹೋಗುವುದು ನಾಯಿ ಮಾತ್ರ ಎಂದು ನಮ್ಮ ಅಜ್ಜಿಯರು ಕಲಿಸಿದ್ದು. ಮೊದಲ ಸಲ ಬೇಡ ಅನ್ನಬೇಕು, ಎರಡನೇ ಸಲ ತೊಂದರೆ ಯಾಕೆ ಅನ್ನಬೇಕು, ಮೂರನೆಯದಕ್ಕೆ ನಿಟ್ಟುಸಿರುಬಿಟ್ಟು ಏಳಬೇಕು. ಆ ಹುಡುಗಿ ಕೆಟ್ಟವಳಲ್ಲ. ನಮಗೆ ಕಾಫಿ ಸೇರದೆಂದುಕೊಂಡು ಕಾಫಿ ಜಗ್ಗನ್ನೂ ಬನ್ನಿನ ತಟ್ಟೆಯನ್ನೂ ಒಳಗೆ ಕಳಿಸಿಬಿಟ್ಟಳು.

ಆಮೇಲೆ ಇಂಗ್ಲಿಷ್ ಬಂತು. ಮೋಟಿವೇಶನ್, ಸೆಲ್ಫ್ ಮಾರ್ಕೆಟಿಂಗ್. ನಾನೂ ಕಾಲೇಜಿನಲ್ಲಿ ಇಂಗ್ಲಿಷ್ ಓದಿದವನೇ. ‘ಸ್ಪೀಚ್ ಈಸ್ ಸಿಲ್ವರ್’ ಎಂಬ ಗಾದೆಯ ಮುಂದಿನ ಅರ್ಧ ಮರೆತುಹೋಗಿದೆ. ಮೌನಕ್ಕೂ ಏನೋ ಒಂದು ಲೋಹ ಹೇಳಿದ್ದರು, ಬೆಳ್ಳಿಗಿಂತ ತುಟ್ಟಿಯದು. ತಮ್ಮ ಕಚೇರಿಯಲ್ಲಿ ಅದು ತಗಡಿನ ಬೆಲೆಗೂ ಹೋಗುವುದಿಲ್ಲ.

ಕೊನೆಗೆ ಅವಳು ಊರ ಈಜುಕೊಳದಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸ ಖಾಲಿಯಿದೆ ಎಂದಳು. ನನ್ನ ಕಿವಿ ನಿಮಿರಿತು. ಪ್ಲೈವುಡ್ ಕಾರ್ಖಾನೆಯ ಬಾಯ್ಲರ್ ಮುಂದೆಯೇ ಮುದುಕನಾದವನು ನಾನು. ಅವಳು ಕಾಗದ ನೋಡಿ ನೇರ ನನ್ನನ್ನೇ ಕೇಳಿದಳು: “ರೈಮೋ, ಈ ಕೆಲಸ ನಿಮಗೆ ಬೇಕಾ?”

ಮಾನ್ಯರೇ, ಅಷ್ಟು ಜನರ ಮುಂದೆ ‘ಬೇಕು’ ಅನ್ನುವುದು ಹೇಗೆ? ಪಕ್ಕದಲ್ಲಿ ಕೂತಿರುವವರಿಗೂ ಕೆಲಸವಿಲ್ಲ. “ಅಯ್ಯೋ, ನನಗ್ಯಾಕೆ,” ಅಂದೆ, “ನನಗಿಂತ ಗಟ್ಟಿಗರು ಇಲ್ಲೇ ಕೂತಿದ್ದಾರಲ್ಲ.”

ಪಕ್ಕದ ಮನೆಯ ತೂಲಿಕ್ಕಿ, ಕಾರ್ಖಾನೆಯಲ್ಲಿ ಹಲಗೆ ವಿಂಗಡಿಸುತ್ತಿದ್ದವಳು, ಮೊಣಕೈಯಿಂದ ತಿವಿದಳು. “ಚೆನ್ನಾಗಿ ಹೇಳ್ದೆ. ಈಗ ಇನ್ನೊಂದ್ಸಲ ಕೇಳ್ತಾಳೆ, ತಯಾರಾಗಿರು.”

ನಾನು ತಯಾರಾಗಿಯೇ ಇದ್ದೆ. ಸಲಹೆಗಾರ್ತಿ ಏನೋ ಟೈಪು ಮಾಡಿ, “ಸರಿ, ಮುಂದಿನದು” ಎಂದಳು.

ಹೊರಗೆ ಬಂದ ಮೇಲೆ ತೂಲಿಕ್ಕಿ ಕೈಗವಸು ಹಾಕಿಕೊಳ್ಳುತ್ತ, “ಕಾಫಿ ಎತ್ಕೊಂಡು ಹೋದಾಗ್ಲೇ ನಮಗೆ ಗೊತ್ತಾಗ್ಬೇಕಿತ್ತು ಕಣೋ,” ಎಂದಳು. ಆ ವಾರವೇ ತಮ್ಮ ಪತ್ರ ಬಂತು: ಸಕಾರಣವಿಲ್ಲದೆ ಕೆಲಸ ನಿರಾಕರಣೆ.

ಇದು ನಿರಾಕರಣೆಯಾದರೆ ನನ್ನ ಮದುವೆಯೂ ಆಗಿಲ್ಲವೆಂದೇ ಅರ್ಥ. ಕೆರೆ ದಂಡೆಯ ಕುಣಿತದ ಮಂಟಪದಲ್ಲಿ ಐರಾಳನ್ನು ‘ನನ್ನನ್ನು ಮದುವೆಯಾಗುತ್ತೀಯಾ’ ಎಂದು ಕೇಳಿದಾಗ ಅವಳು, “ನಿನಗೆ ಬೇರೆ ಯಾರೂ ಸಿಗಲಿಲ್ವಾ?” ಎಂದಳು. ಮತ್ತೊಮ್ಮೆ ಕೇಳಿದೆ, ತನ್ನ ಅಕ್ಕ ತನಗಿಂತ ಚೆಂದ ಎಂದಳು. ಮೂರನೇ ಸಲ ಕೇಳಿದೆ. ಸಾಯುವ ತನಕ ನನ್ನ ಜೊತೆ ಇದ್ದಳು. ಆ ಮಂಟಪದ ಮೂಲೆಯಲ್ಲಿ ತಮ್ಮವರು ಯಾರಾದರೂ ಟೈಪು ಮಾಡುತ್ತ ಕೂತಿದ್ದರೆ ನನ್ನ ಗತಿ ಏನಾಗುತ್ತಿತ್ತು?

ಈಗ ದಿನವೂ ಅಭ್ಯಾಸ ನಡೆದಿದೆ. ತೂಲಿಕ್ಕಿ ಸಲಹೆಗಾರ್ತಿ, ನಾನು ನಾನೇ. ನಿನ್ನೆ ಅವಳ ಅಡುಗೆಮನೆಯಲ್ಲಿ ಬನ್ನಿನ ತಟ್ಟೆ ಮುಂದೆ ಹಿಡಿದು, “ಬೇಕಾ?” ಎಂದಳು. ಬೇಕೆನ್ನಬೇಕೆಂದು ನನಗೆ ಗೊತ್ತಿತ್ತು. ಬಾಯಿ ಮಾತ್ರ ತಾನಾಗಿ, “ಬೇಡ ಬೇಡ, ನಿನಗೇ ಇರಲಿ,” ಎಂದಿತು. ಅವಳು ತಟ್ಟೆಯನ್ನು ಹಿಂದಕ್ಕೆಳೆದುಕೊಂಡಳು. ನಗಲಿಲ್ಲ. “ಗುರುವಾರ ನೀನು ಕೆಟ್ಟೆ, ರೈಮೋ,” ಎಂದಳು. ಬನ್ನಿಗೇ ಹೀಗಾದರೆ, ಮಾನ್ಯರೇ, ಆ ಕೋಣೆಯಲ್ಲಿ, ಆ ದೀಪಗಳ ಕೆಳಗೆ, ಮನೆಯೇ ಹೋಗುತ್ತದೆಂಬ ಹೆದರಿಕೆಯಲ್ಲಿ ನನ್ನ ಬಾಯಿಂದ ಏನು ಬರುತ್ತದೋ ನನಗೆ ತಿಳಿಯದು. ಹೆದರಿದ ಮನುಷ್ಯ ಹೊಸದನ್ನು ಹೇಳುವುದಿಲ್ಲ, ಅಜ್ಜಿ ಕಲಿಸಿದ್ದನ್ನೇ ಹೇಳುತ್ತಾನೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಕಾನೂನು ಬದಲಾಯಿಸಬೇಡಿ, ಕಾಫಿ ಹೆಚ್ಚಿಸಬೇಡಿ. ನಮ್ಮ ಸೀಮೆಯಲ್ಲಿ ಯಾರಾದರೂ ಬೇಡವೆಂದರೆ, ಬರೆದುಕೊಳ್ಳುವ ಮೊದಲು ಇನ್ನೊಂದು ಸಲ ಕೇಳಿ. ಮೂರನೆಯ ಸಲವನ್ನು ಸರ್ಕಾರದ ಖರ್ಚು ನೋಡಿ ನಾವು ಬಿಟ್ಟುಕೊಡುತ್ತೇವೆ.

ಈಜುಕೊಳದ ಬಾಗಿಲಲ್ಲಿ ‘ಬಾಯ್ಲರ್ ಕೆಲಸಗಾರ ಬೇಕು’ ಎಂಬ ಚೀಟಿ ಇವತ್ತೂ ಇತ್ತು. ಗುರುವಾರ ನನ್ನ ಬಾಯಿ ಏನೇ ಹೇಳಲಿ, ಎಲ್ಲರೂ ಓದುವಂತೆ ನನ್ನ ಉತ್ತರವನ್ನು ಈ ಬಹಿರಂಗ ಪತ್ರದಲ್ಲಿ ಬರೆಯುತ್ತಿದ್ದೇನೆ: ಹೌದು, ಆ ಕೆಲಸ ನನಗೆ ಬೇಕು. ಇದರ ಮುಂದೆ ‘ಬೇರೆ ಯಾರೂ ಸಿಗದಿದ್ದರೆ’ ಎಂದೂ ಬರೆದಿದ್ದೆ. ತೂಲಿಕ್ಕಿ ಪೆನ್ನು ಕಿತ್ತುಕೊಂಡು ಹೊಡೆದುಹಾಕಿದಳು.

ಇಂತಿ,
ಇನ್ನೊಮ್ಮೆ ಕೇಳುವಿರೆಂದು ಕಾದು ಕೂತಿರುವ
ರೈಮೋ ಹಿಲ್ತುನೆನ್
(ಹಿಂದಿನ ಸಾಲು, ಕಿಟಕಿಯ ಪಕ್ಕ)